ಯಾರೂ ಕೊಲ್ಲದ ಮೀನು

ಜನ್ನನ ಯಶೋಧರ ಚರಿತೆಯಲ್ಲಿ ಬಲಿಯಾದದ್ದು ಹಿಟ್ಟಿನ ಕೋಳಿ. ಅದಕ್ಕೆ ಜೀವವಿಲ್ಲ, ರಕ್ತವಿಲ್ಲ. ತಾಯಿ ಚಂದ್ರಮತಿಯ ಒತ್ತಾಯಕ್ಕೆ ಮಣಿದು ಅರಸ ಕತ್ತಿ ಎತ್ತಿದ, ಅಷ್ಟೆ. ಆ ಒಂದು ಏಟಿಗೆ ತಾಯಿ ಮಗ ಇಬ್ಬರೂ ಜನ್ಮದ ಮೇಲೆ ಜನ್ಮ ಪ್ರಾಣಿಗಳಾಗಿ ಹುಟ್ಟಿ, ಒಬ್ಬರಿಂದೊಬ್ಬರು ಸಾಯುತ್ತಾ ಹೋಗುತ್ತಾರೆ. ಒಂದು ಜನ್ಮದಲ್ಲಿ ಅವನು ಮೀನು, ಅವಳು ಮೊಸಳೆ. 1209ರ ಈ ಕಾವ್ಯವನ್ನು ಕಾರ್ಕಳದ ನಮ್ಮ ಮನೆಯಲ್ಲಿ ಮಾವನವರು ಚಾತುರ್ಮಾಸದ ಸಂಜೆಗಳಲ್ಲಿ ಓದಿಸುತ್ತಿದ್ದರು. ಕಡಿಯುವ ಹೊತ್ತಿಗೆ ಹಿಟ್ಟಿನ ಕೋಳಿ ಕೂಗುವ ಜಾಗ ಬಂದಾಗ ಮಕ್ಕಳೆಲ್ಲ ದೊಡ್ಡವರ ಬೆನ್ನಿಗೆ ಅಂಟಿಕೊಳ್ಳುತ್ತಿದ್ದವು.

ಇದರ ಜೊತೆಗೆ ಬರುತ್ತಿದ್ದ ಇನ್ನೊಂದು ಕಥೆ ತಂದುಲ ಮತ್ಸ್ಯದ್ದು. ಸ್ವಯಂಭೂರಮಣ ಸಮುದ್ರದಲ್ಲಿ ಮಹಾಮತ್ಸ್ಯವೊಂದು ಬಾಯಿ ತೆರೆದು ಮಲಗಿದೆ. ಸಣ್ಣಪುಟ್ಟ ಮೀನುಗಳು ಅದರ ಬಾಯೊಳಗೆ ಹೊಕ್ಕು ಹೊರಗೆ ಬರುತ್ತಿವೆ. ಅದರ ಕಿವಿಯಲ್ಲಿ ವಾಸವಾಗಿರುವ ಅಕ್ಕಿಕಾಳಿನಷ್ಟು ಮೀನು ನೋಡುತ್ತಾ ಹೊಟ್ಟೆ ಉರಿದುಕೊಳ್ಳುತ್ತದೆ: ಈ ಗಾತ್ರ ನನಗಿದ್ದಿದ್ದರೆ ಒಂದನ್ನೂ ಬಿಡುತ್ತಿರಲಿಲ್ಲ. ಅದು ಒಂದು ಜೀವವನ್ನೂ ತಿಂದಿಲ್ಲ. ಹಾಗೆ ಅಂದುಕೊಂಡದ್ದಕ್ಕೇ ಅದಕ್ಕೆ ಏಳನೆಯ ನರಕ.

ರಾಷ್ಟ್ರಕೂಟರ ಕಾಲದಲ್ಲಿ, 959ರಲ್ಲಿ, ಯಶಸ್ತಿಲಕ ಚಂಪುವನ್ನು ಮುಗಿಸಿದ ಸೋಮದೇವ ಸೂರಿ ಇದನ್ನೇ ಲೆಕ್ಕದ ಹಾಗೆ ಬಿಡಿಸಿಟ್ಟಿದ್ದಾನೆ. ಬಲೆ ಬೀಸಿ ಒಂದು ಮೀನೂ ಸಿಗದೆ ಮನೆಗೆ ಹೋಗುವ ಬೆಸ್ತ ಪಾಪಿ. ನೇಗಿಲ ಗೆರೆಯಲ್ಲಿ ನೂರಾರು ಹುಳು ಸತ್ತರೂ ರೈತ ಅಷ್ಟು ಪಾಪಿಯಲ್ಲ. ಒಬ್ಬನ ಮನಸ್ಸು ಕೊಲ್ಲುವುದರಲ್ಲಿದೆ, ಇನ್ನೊಬ್ಬನದು ಬೆಳೆಯುವುದರಲ್ಲಿದೆ. ಬೆಸ್ತರ ಮೇಲೆ ಇದು ಸ್ವಲ್ಪ ಅನ್ಯಾಯವೇ ಎಂದು ನನಗೆ ಅನಿಸುತ್ತದೆ. ಮಲ್ಪೆಯಲ್ಲಿ ಬಲೆ ಎಳೆಯುವವರ ಮನಸ್ಸಿನಲ್ಲಿರುವುದು ಮಕ್ಕಳ ಶಾಲೆಯ ಫೀಸು, ಮೀನಿನ ಸಾವಲ್ಲ. ಅದಿರಲಿ. ನಮ್ಮ ಜೈನ ಮತದಲ್ಲಿ ಹಿಂಸೆಯ ವಿಚಾರ ಎಷ್ಟು ಸೂಕ್ಷ್ಮವಾಗಿ ನಡೆದಿದೆಯೋ ಅದರ ಬಹುಪಾಲು ಇಚ್ಛೆಯ ಸುತ್ತಲೇ ನಡೆದಿದೆ. ಕೊಲ್ಲದೆಯೂ ಕೊಂದವರು ಯಾರು ಎಂಬುದಕ್ಕೆ ನಮ್ಮಲ್ಲಿ ಬೇಕಾದಷ್ಟು ಕಥೆಗಳಿವೆ.

ನನ್ನನ್ನು ಕಾಡುತ್ತಿರುವುದು ಇದರ ತಲೆಕೆಳಗಾದ ಪ್ರಶ್ನೆ. ನದಿ ತುಂಬ ಮೀನು ಸತ್ತಿದೆ, ಯಾರೊಬ್ಬರ ಮನಸ್ಸಿನಲ್ಲೂ ಮೀನು ಇರಲಿಲ್ಲ. ಇದನ್ನು ಯಾರ ಲೆಕ್ಕಕ್ಕೆ ಬರೆಯುವುದು?

ಪದವಿಪೂರ್ವ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸಿ ನಿವೃತ್ತಳಾದವಳು ನಾನು. ಮಗಳು ಬ್ಯಾಂಕಿನ ಕೆಲಸದಲ್ಲಿ ಗುವಾಹಟಿಯಲ್ಲಿದ್ದಾಗ ಒಂದು ಜನವರಿಯಲ್ಲಿ ಅವಳ ಜೊತೆ ಸಿಲ್ಚರಿಗೆ ಕಾರಿನಲ್ಲಿ ಹೋದೆ. ದಾರಿ ಮೇಘಾಲಯದ ಜೈಂತಿಯಾ ಬೆಟ್ಟಗಳ ಮೇಲೆ ಹಾದುಹೋಗುತ್ತದೆ. ಜೋವಾಯ್ ದಾಟಿ ಖ್ಲೀಹ್ರಿಯಾತ್ ಕಡೆಗೆ ಸಾಗಿದ ಹಾಗೆ ರಸ್ತೆಯ ಎರಡೂ ಬದಿ ಕಲ್ಲಿದ್ದಲ ರಾಶಿ, ಅದರ ನಡುವೆ ಹೆಂಚಿನ ಬಣ್ಣದ ತೋಡುಗಳು. ಒಂದು ಕಡೆ ಚಾಲಕ ಚಹಾಕ್ಕೆ ನಿಲ್ಲಿಸಿದ. ನನ್ನ ಕೈಚೀಲದಲ್ಲಿ ಪಿಎಚ್ ಕಾಗದದ ಪುಸ್ತಕ ಇತ್ತು; ಹಳೆಯ ಅಭ್ಯಾಸ, ಮಗಳು ನಗುತ್ತಾಳೆ. ತೋಡಿಗೆ ಇಳಿದು ಅದ್ದಿ ನೋಡಿದರೆ ಕಾಗದ ಕೆಂಪಿಗೆ ತಿರುಗಿತು. ಮೂರರ ಆಸುಪಾಸು. ನಿಂಬೆರಸವನ್ನು ನೀರಿಗೆ ಹಿಂಡಿ ಹೊಳೆಯಾಗಿ ಹರಿಸಿದಂತೆ. ಪಿಎಚ್ ಏಳರಿಂದ ಮೂರಕ್ಕೆ ಇಳಿದಿದೆ ಎಂದರೆ ಆಮ್ಲ ನಾಲ್ಕು ಪಟ್ಟು ಹೆಚ್ಚಿದೆ ಎಂದು ಮಕ್ಕಳು ಪರೀಕ್ಷೆಯಲ್ಲಿ ಬರೆಯುವುದುಂಟು. ಹೆಚ್ಚಿರುವುದು ಹತ್ತು ಸಾವಿರ ಪಟ್ಟು.

ಅಲ್ಲಿ ಒಂದು ಕಲ್ಲನ್ನು ಮಗುಚಿ ನೋಡಿದೆ. ನಮ್ಮ ಕಡೆಯ ಯಾವ ತೋಡಿನಲ್ಲಾದರೂ ಕಲ್ಲು ಮಗುಚಿದರೆ ಅಡಿಯಲ್ಲಿ ಏನಾದರೊಂದು ಓಡುತ್ತದೆ: ಸಿಗಡಿ, ಏಡಿಮರಿ, ಚಪ್ಪಟೆ ಹುಳು. ಈ ಕಲ್ಲಿನ ಅಡಿ ಜಾರುವ ಕಿತ್ತಳೆ ಬಣ್ಣದ ಕೆಸರು ಬಿಟ್ಟರೆ ಏನೂ ಇರಲಿಲ್ಲ. ಬೆರಳಿಗೆ ಹತ್ತಿದ ಬಣ್ಣ ಸಾಬೂನಿಗೂ ಬಿಡಲಿಲ್ಲ.

ಮುಂದೆ ಸೋನಾಪುರದ ಹತ್ತಿರ ಲುಖಾ ನದಿ ಕಾಣಿಸಿತು. ಚಳಿಗಾಲದಲ್ಲಿ ಅದು ನೀಲಿಯಾಗುತ್ತದೆ, ಆಕಾಶದ ನೀಲಿಯಲ್ಲ, ಬಟ್ಟೆಗೆ ಹಾಕುವ ನೀಲಿ. ಜನ ಕಾರು ನಿಲ್ಲಿಸಿ ಫೋಟೋ ತೆಗೆಯುತ್ತಿದ್ದರು. ಇಷ್ಟು ಚಂದದ ನದಿಯನ್ನು ನೋಡಿಲ್ಲ ಎಂದು ಯಾರೋ ಹಿಂದಿಯಲ್ಲಿ ಹೇಳುತ್ತಿದ್ದುದು ಕೇಳಿಸಿತು. ಚಾಲಕ ಸಿಲ್ಚರಿನವನು. ಚಿಕ್ಕಂದಿನಲ್ಲಿ ಇಲ್ಲಿಯ ಮೀನು ತಿಂದಿದ್ದೇನೆ, ಈಗ ಮಳೆಗಾಲದಲ್ಲಿ ನೀರು ತಿಳಿಯಾದರೂ ಮೀನು ವಾಪಸು ಬರುವುದಿಲ್ಲ ಎಂದ. ನೀಲಿಗೆ ಕಾರಣ ಕಲ್ಲಿದ್ದಲ ಗಣಿಯೋ ಸುತ್ತಲಿನ ಸಿಮೆಂಟ್ ಕಾರ್ಖಾನೆಗಳೋ ಎಂಬ ವಾದ ಅಲ್ಲಿ ಬಹುಕಾಲದಿಂದ ನಡೆಯುತ್ತಿದೆ. ಈ ವಾದದಿಂದ ಎರಡೂ ಕಡೆಯವರಿಗೆ ಅನುಕೂಲವೇ ಆಗಿದೆ.

ಆಮ್ಲ ಹುಟ್ಟುವ ಬಗೆ ಮಾತ್ರ ವಾದಕ್ಕೆ ಎಡೆಯಿಲ್ಲದ್ದು. ಮೇಘಾಲಯದ ಕಲ್ಲಿದ್ದಲಿನಲ್ಲಿ ಗಂಧಕ ಹೆಚ್ಚು. ಅದು ಕಬ್ಬಿಣದ ಜೊತೆ ಸೇರಿ ಪೈರೈಟ್ ಎಂಬ ಹಳದಿ ಹೊಳಪಿನ ಖನಿಜವಾಗಿ ಕಲ್ಲಿದ್ದಲಿನ ಪದರಗಳ ನಡುವೆ ಕೂತಿರುತ್ತದೆ. ನೆಲದೊಳಗೆ ಗಾಳಿ ತಾಗದೆ ಇರುವಷ್ಟು ದಿನ ಅದು ನಿರುಪದ್ರವಿ. ಅಲ್ಲಿ ಚೌಕಾಕಾರದ ಆಳ ಗುಂಡಿ ತೋಡಿ, ಅದರ ತಳದಿಂದ ಮನುಷ್ಯ ತೆವಳಿಕೊಂಡೇ ಹೋಗಬೇಕಾದಷ್ಟು ಕಿರಿದಾದ ಅಡ್ಡ ಸುರಂಗ ಕೊರೆಯುತ್ತಾರೆ. ಇಲಿಬಿಲದ ಗಣಿ ಎಂದೇ ಹೆಸರು. ಬಿಲ ಕೊರೆದ ಕೂಡಲೇ ಪೈರೈಟಿಗೆ ಗಾಳಿ ನೀರು ಎರಡೂ ಸಿಗುತ್ತವೆ. ಗಂಧಕಾಮ್ಲ ಹುಟ್ಟುತ್ತದೆ, ಕಬ್ಬಿಣ ಕರಗುತ್ತದೆ. ಕರಗಿದ ಕಬ್ಬಿಣವನ್ನೇ ತಿಂದು ಬದುಕುವ ಬ್ಯಾಕ್ಟೀರಿಯಾ ಒಂದಿದೆ. ಅದು ಈ ಕ್ರಿಯೆಯನ್ನು ನೂರಾರು ಪಟ್ಟು ಚುರುಕು ಮಾಡುತ್ತದೆ. ಹುಟ್ಟಿದ ಆಮ್ಲ ಹರಿಯುವ ದಾರಿಯಲ್ಲಿ ಜೇಡಿಮಣ್ಣಿನ ಅಲ್ಯೂಮಿನಿಯಂ, ಮ್ಯಾಂಗನೀಸ್ ಎಲ್ಲವನ್ನೂ ಕರಗಿಸಿಕೊಂಡು ಹೊಳೆಗೆ ಸೇರುತ್ತದೆ.

ಈಗ ಮೀನಿನ ಕಡೆಗೆ ಬರುತ್ತೇನೆ. ಮೀನು ವಿಷದಿಂದ ಸಾಯುತ್ತದೆ ಎಂದು ಒಂದೇ ಮಾತಿನಲ್ಲಿ ಮುಗಿಸುವವರಿಗೆ ಆ ಸಾವು ಎಷ್ಟು ನಿಧಾನದ್ದು ಎಂಬುದು ಗೊತ್ತಿರುವುದಿಲ್ಲ.

ಸಿಹಿನೀರಿನ ಮೀನಿನ ರಕ್ತದಲ್ಲಿ ಸುತ್ತಲಿನ ನೀರಿಗಿಂತ ನೂರಾರು ಪಟ್ಟು ಹೆಚ್ಚು ಉಪ್ಪಿರುತ್ತದೆ. ಅದು ಸದಾ ಹೊರಗೆ ಸೋರಿಹೋಗಲು ನೋಡುತ್ತದೆ. ಕಿವಿರಿನ ಕೆಲವು ವಿಶೇಷ ಜೀವಕೋಶಗಳು ಹಗಲೂ ರಾತ್ರಿ ನೀರಿನಿಂದ ಸೋಡಿಯಂ, ಕ್ಲೋರೈಡುಗಳನ್ನು ಹೆಕ್ಕಿ ಒಳಗೆ ಎಳೆದುಕೊಳ್ಳುತ್ತಲೇ ಇರಬೇಕು. ನೀರು ಆಮ್ಲವಾದಾಗ ಎರಡು ಕೆಡುಕು ಒಟ್ಟಿಗೇ ಆಗುತ್ತವೆ: ಹೆಕ್ಕುವ ಕೆಲಸ ನಿಲ್ಲುತ್ತದೆ, ಮತ್ತು ಜೀವಕೋಶಗಳ ನಡುವಿನ ಸಂದಿಯನ್ನು ಬಿಗಿಯಾಗಿ ಹಿಡಿದಿದ್ದ ಕ್ಯಾಲ್ಸಿಯಂ ಕಿತ್ತುಹೋಗಿ ಉಪ್ಪು ಸೋರತೊಡಗುತ್ತದೆ. ರಕ್ತದ ನೀರು ಜೀವಕೋಶಗಳೊಳಗೆ ಜಾರುತ್ತದೆ, ಕೆಂಪು ಕಣಗಳು ಊದಿಕೊಳ್ಳುತ್ತವೆ, ರಕ್ತ ದಪ್ಪಗಾಗುತ್ತದೆ. ಆ ಮಂದ ರಕ್ತವನ್ನು ಒತ್ತಿ ಒತ್ತಿ ಕೊನೆಗೆ ಹೃದಯ ಸೋಲುತ್ತದೆ. ದಕ್ಷಿಣ ನಾರ್ವೆಯ ತೊವ್ದಾಲ್ ನದಿಯಲ್ಲಿ 1975ರ ವಸಂತದಲ್ಲಿ ಹಿಮ ಕರಗಿದಾಗ ಮೈಲಿಗಟ್ಟಲೆ ಉದ್ದಕ್ಕೂ ಟ್ರೌಟ್ ಮೀನುಗಳು ಸತ್ತು ಬಿದ್ದವು. ವಿಜ್ಞಾನಿಗಳು ರಕ್ತ ತೆಗೆದು ನೋಡಿದಾಗ ಕಂಡದ್ದು ಇದೇ: ಉಪ್ಪು ಬರಿದಾಗಿತ್ತು. ಅಲ್ಲಿ ಗಣಿಯಿರಲಿಲ್ಲ. ಬ್ರಿಟನ್, ಜರ್ಮನಿ ಮುಂತಾದ ಕಡೆಯ ಚಿಮಣಿಗಳಿಂದ ಹೊರಟ ಗಂಧಕ ಗಾಳಿಯಲ್ಲಿ ಸಾಗಿಬಂದು ಹಿಮವಾಗಿ ಬಿದ್ದಿತ್ತು.

ಅಲ್ಯೂಮಿನಿಯಂ ಮಾಡುವ ಕೇಡು ಬೇರೆ ಬಗೆಯದು. ತೀರಾ ಹುಳಿಯಾದ ನೀರಿನಲ್ಲಿ ಅದು ಕರಗಿಯೇ ಇರುತ್ತದೆ. ಪಿಎಚ್ ಐದು, ಐದೂವರೆಯ ಸುತ್ತ ಬಂದಾಗ ಕರಗಿದ್ದದ್ದು ಹೆಪ್ಪುಗಟ್ಟತೊಡಗುತ್ತದೆ; ಕಿವಿರಿನ ಮೇಲೆಯೇ ಕೂತು ಅಂಟುತ್ತದೆ. ಮೀನು ಅದನ್ನು ತೊಳೆಯಲು ಲೋಳೆ ಸುರಿಸುತ್ತದೆ. ಆ ಲೋಳೆಯೇ ಕಿವಿರಿನ ಎಸಳುಗಳನ್ನು ಒಂದಕ್ಕೊಂದು ಅಂಟಿಸಿ ಉಸಿರು ಕಟ್ಟಿಸುತ್ತದೆ. ನಾರ್ವೆಯ ಸಂಶೋಧಕರು ಇದರಲ್ಲಿ ಒಂದು ವಿಚಿತ್ರ ಕಂಡರು. ಆಮ್ಲದ ಹೊಳೆಗೆ ಒಳ್ಳೆಯ ನೀರಿನ ಹೊಳೆ ಬಂದು ಸೇರುವ ಜಾಗವೇ ಕೆಲವೊಮ್ಮೆ ಎರಡಕ್ಕಿಂತಲೂ ಹೆಚ್ಚು ವಿಷಕಾರಿ. ಒಳ್ಳೆಯ ನೀರು ಸೇರಿದ ಆ ಕೆಲವು ನಿಮಿಷಗಳಲ್ಲೇ ಅಲ್ಯೂಮಿನಿಯಂ ಹೆಪ್ಪುಗಟ್ಟುವುದು. ಎರಡು ಹೊಳೆ ಕೂಡುವಲ್ಲಿ ಮಿಂದು ಕೈಮುಗಿಯುವ ದೇಶದವಳು ನಾನು. ಆ ಪ್ರಬಂಧ ಓದಿದ ದಿನ ಊಟ ರುಚಿಸಲಿಲ್ಲ.

ಮೊಟ್ಟೆಯ ಮಾತು ಇನ್ನೂ ಕಷ್ಟದ್ದು. ಮರಿ ಹೊರಬರುವ ಹೊತ್ತಿಗೆ ಅದರ ಮೈಯಿಂದ ಒಂದು ಕಿಣ್ವ ಒಸರಿ ಮೊಟ್ಟೆಯ ಸಿಪ್ಪೆಯನ್ನು ಮೆತ್ತಗೆ ಮಾಡಬೇಕು. ಆಮ್ಲದಲ್ಲಿ ಆ ಕಿಣ್ವ ಕೆಲಸ ಮಾಡುವುದಿಲ್ಲ. ಕಣ್ಣು ಬಾಲ ಎಲ್ಲ ಬೆಳೆದ ಮರಿ ಸಿಪ್ಪೆ ಒಡೆಯಲಾಗದೆ ಒಳಗೇ ಹೊರಳಿ ಸಾಯುತ್ತದೆ. ಹಾಗಾಗಿ ಮೆಲ್ಲಗೆ ಹುಳಿಯಾಗುತ್ತಾ ಹೋದ ಕೆರೆಯಲ್ಲಿ ದೊಡ್ಡ ಮೀನುಗಳು ವರ್ಷಗಟ್ಟಲೆ ಆರಾಮಾಗಿ ಓಡಾಡಿಕೊಂಡಿರುತ್ತವೆ. ನೋಡಿದವರಿಗೆ ಕೆರೆ ಸರಿಯಾಗಿದೆ ಎನಿಸುತ್ತದೆ. ಮರಿಗಳಿಲ್ಲ ಎಂಬುದು ತಿಳಿಯುವಾಗ ಮುದಿ ಮೀನುಗಳೂ ಮುಗಿದಿರುತ್ತವೆ.

ಇನ್ನೊಂದು ಸಂಗತಿ ನನ್ನ ಪ್ರಶ್ನೆಗೆ ಇದಕ್ಕಿಂತ ಹತ್ತಿರದ್ದು. ಕಾರ್ಲ್ ಫೊನ್ ಫ್ರಿಷ್ ಎಂಬ ವಿಜ್ಞಾನಿ 1938ರಲ್ಲಿ ತೋರಿಸಿದ ಹಾಗೆ, ಕೆಂಡೆ ಜಾತಿಯ ಮೀನುಗಳ ಚರ್ಮ ಹರಿದರೆ ಒಂದು ವಸ್ತು ನೀರಿಗೆ ಸೇರುತ್ತದೆ. ಅದರ ವಾಸನೆ ಹತ್ತಿದ ಉಳಿದ ಮೀನುಗಳು ಬೆದರಿ ಅಡಗುತ್ತವೆ. ಆಮ್ಲದ ನೀರಿನಲ್ಲಿ ಆ ವಸ್ತುವಿನ ರಚನೆಯೇ ಕೆಡುತ್ತದೆ. ತಾಮ್ರ ಒಂದಿಷ್ಟು ಕರಗಿದ್ದರೆ ಮೀನಿನ ಮೂಗೇ ಮಂಕಾಗುತ್ತದೆ. ಪಕ್ಕದ್ದನ್ನು ಹಾವೋ ದೊಡ್ಡ ಮೀನೋ ಹಿಡಿದರೂ ಇದು ಸುಮ್ಮನೆ ಈಜಿಕೊಂಡಿರುತ್ತದೆ. ಅಭಯದಾನ ಎಲ್ಲಕ್ಕಿಂತ ದೊಡ್ಡ ದಾನ ಎಂದು ಬಸದಿಯಲ್ಲಿ ಕೇಳಿ ಬೆಳೆದವರು ನಾವು. ಭಯಪಡುವ ಶಕ್ತಿಯನ್ನೇ ಕಿತ್ತುಕೊಂಡ ಈ ನಿರ್ಭಯವನ್ನು ಏನೆಂದು ಕರೆಯುವುದು?

ಊರಿಗೆ ಬಂದಮೇಲೆ ಭಾವನವರ ಹತ್ತಿರ ಇದನ್ನೆಲ್ಲ ಹೇಳಿದೆ. ನನ್ನ ಗಂಡನ ಅಣ್ಣ. ಶಾಸ್ತ್ರ ಓದಿದವರು, ನಿತ್ಯ ಸಾಮಾಯಿಕ ತಪ್ಪಿಸದವರು. ಅವರು ಕನ್ನಡಕ ತೆಗೆದು ಒರೆಸುತ್ತಾ, “ನೋಡಮ್ಮ, ಮೀನಿನ ಆಯುಷ್ಯ ಮುಗಿದದ್ದು ಅದರ ಆಯುಕರ್ಮದಿಂದ. ಗಣಿ ಬರಿಯ ನಿಮಿತ್ತ. ಮತ್ತೆ ಅವರು ಮಾಡಿದ್ದು ಸಂಕಲ್ಪ ಹಿಂಸೆ ಅಲ್ಲವಲ್ಲ, ಉದ್ಯೋಗಿ ಹಿಂಸೆ. ಶ್ರಾವಕನಿಗೆ ಅದನ್ನು ಪೂರ್ತಿ ಬಿಡುವುದಕ್ಕೆ ಆಗುವುದಿಲ್ಲ” ಎಂದರು.

“ಹಾಗಾದರೆ ಹಿಟ್ಟಿನ ಕೋಳಿಗೆ ಆಯುಕರ್ಮ ಎಲ್ಲಿತ್ತು ಭಾವ?” ಎಂದೆ. ಅವರು ನಕ್ಕರು. ನನಗೆ ನಗು ಬರಲಿಲ್ಲ.

ಭಾವನವರು ಹೇಳಿದ ವಿಂಗಡಣೆ ಹಳೆಯದು, ವಿವೇಕದ್ದೂ ಹೌದು. ಬೇಕೆಂದೇ ಕೊಲ್ಲುವುದು ಸಂಕಲ್ಪಿ, ಅಡುಗೆ ಮಾಡುವಾಗ ಕಸ ಗುಡಿಸುವಾಗ ಆಗುವುದು ಆರಂಭಿ, ಬೇಸಾಯ ವ್ಯಾಪಾರಗಳಲ್ಲಿ ಆಗುವುದು ಉದ್ಯೋಗಿ, ಆತ್ಮರಕ್ಷಣೆಯಲ್ಲಿ ಆಗುವುದು ವಿರೋಧಿ. ಗೃಹಸ್ಥ ಮೊದಲನೆಯದನ್ನು ಬಿಡಲೇಬೇಕು, ಉಳಿದದ್ದನ್ನು ಆದಷ್ಟು ಮಿತಿಯಲ್ಲಿಡಬೇಕು. ಇದನ್ನು ಹೇಳಿದವರ ಕಣ್ಣ ಮುಂದೆ ಇದ್ದದ್ದು ನೇಗಿಲು. ನೇಗಿಲಿನ ಹಿಂಸೆ ನೇಗಿಲು ಹೋದಷ್ಟೇ ಹೋಗುತ್ತದೆ. ಸತ್ತ ಹುಳು ರೈತನ ಕಾಲ ಬುಡದಲ್ಲೇ ಕಾಣುತ್ತದೆ, ಕೊಕ್ಕರೆ ಬಂದು ಹೆಕ್ಕುತ್ತದೆ, ಸಂಜೆ ಅವನಿಗೆ ಅದರ ನೆನಪಾದರೂ ಆಗಬಹುದು. ಜೈಂತಿಯಾದ ಗುಂಡಿಯಲ್ಲಿ ಹುಟ್ಟಿದ ಹಿಂಸೆ ಲುಖಾ ಹಿಡಿದು ಬಾಂಗ್ಲಾದೇಶಕ್ಕೆ ಇಳಿದು ಸುರ್ಮಾ ಸೇರುತ್ತದೆ. ಗುಂಡಿಯ ಯಜಮಾನ, ತೆವಳಿ ಅಗೆದ ಕೂಲಿ, ಲಾರಿಯವನು, ಭಟ್ಟಿಯವನು: ಒಬ್ಬನೂ ಸತ್ತ ಮೀನನ್ನು ನೋಡಿರಬೇಕಾಗಿಲ್ಲ. ಇದನ್ನೂ ಅದನ್ನೂ ಉದ್ಯೋಗಿ ಎಂಬ ಒಂದೇ ಹೆಸರಿನಡಿ ತಂದರೆ ರೈತನಿಗೆ ಕೊಟ್ಟ ಮಾಫಿಯನ್ನು ಗಣಿಗೆ ಕೊಟ್ಟಂತೆ.

ಕೊಟ್ಟವರು ಯಾರು? ಶಾಸ್ತ್ರವಂತೂ ಕೊಟ್ಟಿಲ್ಲ. ಹಿಂಸೆಯ ಲಕ್ಷಣ ಹೇಳುವಾಗ ಉಮಾಸ್ವಾಮಿಗಳು ಮುಂದಿಟ್ಟದ್ದು ದ್ವೇಷವನ್ನಲ್ಲ, ಪ್ರಮಾದವನ್ನು, ಎಚ್ಚರಗೇಡಿತನವನ್ನು. ಎಚ್ಚರವಿಲ್ಲದೆ ನಡೆದವನ ಪಾಲಿಗೆ ಜೀವ ಸತ್ತರೂ ಉಳಿದರೂ ಹಿಂಸೆ ಆದ ಹಾಗೆಯೇ ಎಂದು ಅಮೃತಚಂದ್ರರು ಪುರುಷಾರ್ಥಸಿದ್ಧ್ಯುಪಾಯದಲ್ಲಿ ಇನ್ನೂ ಬಿಗಿ ಮಾಡಿದ್ದಾರೆ. ಶ್ವೇತಾಂಬರರಲ್ಲಿ ಶ್ರಾವಕರು ಮಾಡಬಾರದ ಹದಿನೈದು ಕಸುಬುಗಳ ಪಟ್ಟಿಯೇ ಇದೆ. ಹೇಮಚಂದ್ರ ಅದನ್ನು ಯೋಗಶಾಸ್ತ್ರದಲ್ಲಿ ವಿವರಿಸಿದ್ದಾನೆ. ನೆಲ ಅಗೆದು ಬಂಡೆ ಒಡೆದು ಬದುಕುವುದು, ಕೆರೆ ಬತ್ತಿಸುವುದು, ವಿಷ ಮಾರುವುದು ಅದರಲ್ಲಿ ಸೇರಿವೆ. ನಮ್ಮ ಸಮಾಜದವರಿಗೆ ಈ ಪಟ್ಟಿಯಲ್ಲಿ ಕಂಠಪಾಠವಾಗಿ ಉಳಿದದ್ದು ಬೆಣ್ಣೆ, ಜೇನು, ಮದ್ಯ ಮಾರಬಾರದೆಂಬ ಭಾಗ. ಗಡ್ಡೆಗೆಣಸು ತಿನ್ನದವರ ಮನೆಯಲ್ಲಿ ಗಣಿ ಕಂಪನಿಯ ಷೇರು ಇರುವುದನ್ನು ನಾನು ಬಲ್ಲೆ. ಗೆಣಸು ಅಗೆಯುವಾಗ ಸಾಯುವುದು ಏಕೇಂದ್ರಿಯ ಜೀವ, ಹೆಚ್ಚೆಂದರೆ ಒಂದೆರಡು ಹುಳ. ಮೀನು ಪಂಚೇಂದ್ರಿಯ.

ಪಂಚೇಂದ್ರಿಯ ಎಂಬುದಕ್ಕೆ ನಮ್ಮವರಿಗೆ ಸಾಕ್ಷಿ ಬೇಕಾಗಿರಲಿಲ್ಲ. ಬೇರೆಯವರಿಗೆ ಬೇಕಿತ್ತು. 2003ರಲ್ಲಿ ಲಿನ್ ಸ್ನೆಡನ್ ಮತ್ತು ಸಂಗಡಿಗರು ಟ್ರೌಟ್ ಮೀನಿನ ತುಟಿಗೆ ಅಸೆಟಿಕ್ ಆಮ್ಲ, ಜೇನ್ನೊಣದ ವಿಷ ಚುಚ್ಚಿ ನೋಡಿದರು. ಆಮ್ಲ ಚುಚ್ಚಿಸಿಕೊಂಡ ಮೀನುಗಳು ತೊಟ್ಟಿಯ ತಳದ ಜಲ್ಲಿಗೆ ತುಟಿ ಉಜ್ಜಿಕೊಂಡವು. ಮೀನಿಗೆ ನೋವಾಗುತ್ತದೆ ಎಂದು ತೋರಿಸಲು ಮೀನಿಗೆ ನೋವು ಮಾಡಬೇಕಾಯಿತು. ಅದೂ ಒಂದು ಸಂಕಲ್ಪ ಹಿಂಸೆಯೇ, ಆದರೆ ಕನಿಷ್ಠ ಪಕ್ಷ ಅವರು ಮೀನನ್ನು ನೋಡುತ್ತಾ ಕೂತಿದ್ದರು.

ನೋಡದೇ ಇರುವುದಕ್ಕೆ ಜೈಂತಿಯಾದಲ್ಲಿ ಒಂದು ದೊಡ್ಡ ಉದಾಹರಣೆ ಕೊಪಿಲಿ ನದಿ. ಮೇಘಾಲಯದ ಬೆಟ್ಟದ ನೀರು ಹೊತ್ತು ಅಸ್ಸಾಮಿಗೆ ಇಳಿಯುವ ಈ ನದಿಗೆ ಜಲವಿದ್ಯುತ್ ಯೋಜನೆ ಇದೆ. ನೀರಿನ ಹುಳಿಗೆ ಟರ್ಬೈನಿನ ಲೋಹ ಸವೆದು ಯಂತ್ರಗಳು ನಿಲ್ಲತೊಡಗಿದಾಗ ಆಮ್ಲದ ಮಾತು ಕಡತಕ್ಕೆ ಏರಿತು. ಉಕ್ಕು ಸವೆದದ್ದಕ್ಕೆ ವರದಿ, ಮೌಲ್ಯಮಾಪನ, ಪತ್ರವ್ಯವಹಾರ. ಅದೇ ನೀರಿನಲ್ಲಿ ಕಿವಿರು ಸವೆದದ್ದಕ್ಕೆ ಬಿಲ್ಲು ಬರುವುದಿಲ್ಲ. ಕೊನೆಗೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಗೆ ಹೋದವರು ಕೆಳದಂಡೆಯವರು, ಅಸ್ಸಾಮಿನ ದಿಮಾ ಹಸಾವೊ ಜಿಲ್ಲೆಯ ದಿಮಾಸಾ ವಿದ್ಯಾರ್ಥಿಗಳ ಸಂಘ. ಮಂಡಳಿ 2014ರ ಏಪ್ರಿಲ್ 17ರಂದು ಇಲಿಬಿಲದ ಗಣಿಗಾರಿಕೆಯನ್ನು ನಿಲ್ಲಿಸಿತು. ನಿಂತಿತು ಎನ್ನುವ ಹಾಗಿಲ್ಲ. 2018ರ ಡಿಸೆಂಬರ್ 13ರಂದು ಕ್ಸಾನ್ ಎಂಬಲ್ಲಿ ಪಕ್ಕದ ಲಿತೈನ್ ನದಿಯ ನೀರು ನುಗ್ಗಿ ಬಿಲದೊಳಗೆ ಹದಿನೈದು ಕೂಲಿಗಳು ಸಿಕ್ಕಿಬಿದ್ದರು. ಮುಂದಿನ ತಿಂಗಳು ಮಂಡಳಿ ಮೇಘಾಲಯ ಸರ್ಕಾರಕ್ಕೆ 100 ಕೋಟಿ ರೂಪಾಯಿ ದಂಡ ಹಾಕಿತು.

ಅಲ್ಲಿನ ಜನರನ್ನು ದೂರುವುದು ಸುಲಭ, ನನಗೆ ಮನಸ್ಸಿಲ್ಲ. ಜೋವಾಯ್ ಪಟ್ಟಣವನ್ನು ಮೂರು ಕಡೆಯಿಂದ ಬಳಸಿ ಹರಿಯುವ ಮಿಂತ್ಡು ನದಿಯನ್ನು ಪ್ನಾರ್ ಜನ ಊರು ಕಾಯುವ ದೇವತೆ ಎಂದು ನಂಬುತ್ತಾರೆ. ನಂಬಿಕೆ ಇದ್ದ ಕಡೆಯೂ ಹೀಗಾಗುತ್ತದೆ ಎಂಬುದಕ್ಕೆ ನಾವು ಅಷ್ಟು ದೂರ ಹೋಗಬೇಕಾಗಿಲ್ಲ. ಶಿಶಿಲದ ಕಪಿಲೆಯಲ್ಲಿ ದೇವರ ಮೀನುಗಳಿವೆ, ತುಳುವಿನಲ್ಲಿ ಪೆರುವೊಳು. ಶೃಂಗೇರಿಯ ತುಂಗೆಯಲ್ಲೂ ಇವೆ. ಅಕ್ಕಿ ಮಂಡಕ್ಕಿ ಹಾಕುತ್ತೇವೆ, ಗಾಳ ಹಾಕಲು ಬಿಡುವುದಿಲ್ಲ. 1996ರಲ್ಲಿ ಶಿಶಿಲದಲ್ಲಿ ದುಷ್ಟರು ವಿಷ ಬೆರೆಸಿ ಸಾವಿರಾರು ಮೀನು ಸತ್ತಾಗ ಊರವರು ಅತ್ತರು, ಸತ್ತ ಮೀನುಗಳಿಗೆ ಸ್ಮಾರಕ ಕಟ್ಟಿದರು. ಆ ಸ್ಮಾರಕದ ಬಗ್ಗೆ ನನಗೆ ಬಹಳ ಗೌರವ. ಆದರೆ ಅದು ಸಾಧ್ಯವಾದದ್ದು ಕೊಂದವರ ಮನಸ್ಸಿನಲ್ಲಿ ಕೊಲ್ಲುವ ಇಚ್ಛೆ ಇದ್ದದ್ದರಿಂದ. ಇಚ್ಛೆ ಇದ್ದಲ್ಲಿ ಪಾಪಿ ಇದ್ದಾನೆ, ಪಾಪಿ ಇದ್ದಲ್ಲಿ ಸತ್ತವರಿಗೊಂದು ಕಥೆ ಇದೆ. ನಾಳೆ ಮೇಲ್ದಂಡೆಯ ತೋಟಗಳ ಔಷಧಿಯಿಂದಲೋ ಯಾವುದೋ ಘಟಕದ ನೀರಿನಿಂದಲೋ ಅದೇ ಮೀನುಗಳ ಮೊಟ್ಟೆ ಒಡೆಯದೇ ಹೋದರೆ ಸ್ಮಾರಕ ಕಟ್ಟಲು ಒಂದು ತಾರೀಕೂ ಸಿಗುವುದಿಲ್ಲ.

ನಮ್ಮ ಅತ್ತೆ ಬಾವಿಯಿಂದ ನೀರು ಸೇದಿ ಇಮ್ಮಡಿ ಮಡಚಿದ ದಪ್ಪ ಬಟ್ಟೆಯಲ್ಲಿ ಸೋಸುತ್ತಿದ್ದರು. ಅಷ್ಟನ್ನು ಎಲ್ಲ ಜೈನರ ಮನೆಯಲ್ಲೂ ಮಾಡುತ್ತಾರೆ. ಆಮೇಲಿನದ್ದನ್ನು ಹೆಚ್ಚಿನವರು ಬಿಟ್ಟಿದ್ದಾರೆ. ಅತ್ತೆ ಬಟ್ಟೆಯನ್ನು ಮಗುಚಿ, ಸೋಸಿದ ನೀರನ್ನೇ ಅದರ ಮೇಲೆ ಸುರಿದು, ಬಟ್ಟೆಯಲ್ಲಿ ಉಳಿದ ಕಣ್ಣಿಗೆ ಕಾಣದ ಜೀವಗಳನ್ನು ಒಂದು ಸಣ್ಣ ಕೊಡಪಾನಕ್ಕೆ ಇಳಿಸುತ್ತಿದ್ದರು. ಆ ನೀರು ಅದೇ ಬಾವಿಗೆ ವಾಪಸು ಹೋಗಬೇಕು, ಬೇರೆ ಬಾವಿಗಲ್ಲ. ಮೇಲಿನಿಂದ ಸುರಿಯುವ ಹಾಗೂ ಇಲ್ಲ, ಬಿದ್ದ ಏಟಿಗೆ ಜೀವಗಳು ಸಾಯುತ್ತವೆ. ಕೊಡಪಾನದ ಬುಡಕ್ಕೂ ಒಂದು ಹಗ್ಗ ಕಟ್ಟಿ, ನೀರಿನ ಮಟ್ಟದವರೆಗೆ ಇಳಿಸಿ, ಆ ಹಗ್ಗ ಎಳೆದು ಮಗುಚುತ್ತಿದ್ದರು. ಮದುವೆಯಾಗಿ ಬಂದ ಹೊಸದರಲ್ಲಿ ರಸಾಯನಶಾಸ್ತ್ರ ಕಲಿಸುವ ನನಗೆ ಇದು ಅತಿ ಎನಿಸಿದ್ದುಂಟು. ಈಗ ನೋಡಿದರೆ ಇದರಲ್ಲಿ ಇಚ್ಛೆಯ ಮಾತೇ ಇಲ್ಲ. ಅತ್ತೆ ಆ ಜೀವಗಳನ್ನು ಕೊಲ್ಲಲು ಬಯಸಿದ್ದರೋ ಇಲ್ಲವೋ ಎಂದು ಯಾರೂ ಕೇಳುತ್ತಿರಲಿಲ್ಲ. ಕೇಳುತ್ತಿದ್ದುದು ಉಳಿದದ್ದನ್ನು ಎಲ್ಲಿ ಬಿಟ್ಟೆ ಎಂದು.

ಮುನಿಗಳ ಐದು ಸಮಿತಿಗಳಲ್ಲಿ ಕೊನೆಯದೂ ಇದೇ. ಉತ್ಸರ್ಗ ಸಮಿತಿ: ಮಲಮೂತ್ರ, ಕಫ, ಏನನ್ನೇ ಬಿಸಾಡುವ ಮುಂಚೆ ಆ ಜಾಗವನ್ನು ಕಣ್ಣಾರೆ ನೋಡಬೇಕು, ಪಿಂಛಿಯಿಂದ ಸವರಬೇಕು, ಜೀವವಿಲ್ಲವೆಂದು ಖಚಿತವಾಗಬೇಕು. ಬಟ್ಟೆ ಕೂಡ ಇಲ್ಲದ ಮುನಿ ಬಿಸಾಡುವುದಾದರೂ ಎಷ್ಟು! ಅಷ್ಟಕ್ಕೂ ಒಂದು ವ್ರತ. ಟನ್ನುಗಟ್ಟಲೆ ಹೊರಹಾಕುವ ಗೃಹಸ್ಥನಿಗೆ, ಅವನ ಕಂಪನಿಗೆ, ಈ ವ್ರತ ಇಲ್ಲದಿರುವುದು ನನ್ನ ದೃಷ್ಟಿಯಲ್ಲಿ ನಮ್ಮ ಶ್ರಾವಕಾಚಾರದ ದೊಡ್ಡ ಕೊರತೆ. ಆಗ ಅದರ ಅಗತ್ಯ ಇರಲಿಲ್ಲ, ಈಗ ಇದೆ. ಮುನಿಸಂಘದವರು ಮಾತಾಡಬೇಕಾದ್ದು ಇದನ್ನು. ಚಾತುರ್ಮಾಸದ ಪ್ರವಚನಗಳಲ್ಲಿ ಮೊಟ್ಟೆ ಹಾಕಿದ ಕೇಕಿನ ವಿಷಯ ಸಾಕಷ್ಟು ಆಗಿದೆ.

ಪ್ರಾಯಶ್ಚಿತ್ತದ ಮಾತೂ ಹೀಗೆಯೇ. ಆಮ್ಲಕ್ಕೆ ಮದ್ದು ಸುಣ್ಣ. ತೊವ್ದಾಲ್ ನದಿಗೆ 1990ರ ದಶಕದಿಂದ ಸುಣ್ಣದ ಕಲ್ಲಿನ ಪುಡಿ ಬೆರೆಸುತ್ತಿದ್ದಾರೆ. ದಂಡೆಯ ಮೇಲೆ ದೊಡ್ಡ ಗೋಪುರದಂತಹ ಡಬ್ಬಿಗಳಿವೆ, ನೀರು ಎಷ್ಟು ಹರಿಯುತ್ತದೋ ನೋಡಿಕೊಂಡು ಯಂತ್ರ ಅಷ್ಟಷ್ಟೇ ಪುಡಿ ಉದುರಿಸುತ್ತದೆ. ಸಾಲ್ಮನ್ ವಾಪಸು ಬಂದಿದೆ. ಒಮ್ಮೆ ಸುರಿದು ಕೈತೊಳೆದುಕೊಳ್ಳುವ ಹಾಗಿಲ್ಲ. ಪ್ರತಿಕ್ರಮಣ ಹೇಗೆ ನಿತ್ಯದ್ದೋ ಹಾಗೆ ಇದೂ ನಿತ್ಯದ್ದು. ಏಕೇಂದ್ರಿಯದಿಂದ ಪಂಚೇಂದ್ರಿಯದವರೆಗೆ ಎಲ್ಲ ಜೀವಗಳ ಕ್ಷಮೆ ಕೇಳುವ ನಮ್ಮ ಪಾಠಕ್ಕಿಂತ ಆ ಪುಡಿಗೆ ಮೀನು ಹೆಚ್ಚು ಬೇಗ ಓಗೊಟ್ಟಿದೆ. ಅಲ್ಲಿ ಒಂದು ತೊಡಕೂ ಇದೆ. ಒಬ್ಬರ ಕರ್ಮವನ್ನು ಇನ್ನೊಬ್ಬರು ಸವೆಸಲಾಗದು ಎಂಬುದು ನಮ್ಮ ಸಿದ್ಧಾಂತದ ತಳಗಲ್ಲು. ಬೇರೆ ದೇಶದ ಚಿಮಣಿಯ ಗಂಧಕಕ್ಕೆ ನಾರ್ವೆಯವರು ತಮ್ಮ ದುಡ್ಡಿನಲ್ಲಿ ಸುಣ್ಣ ಹಾಕುತ್ತಿದ್ದಾರೆ. 1979ರ ಜಿನೀವಾ ಒಪ್ಪಂದದ ನಂತರ ಚಿಮಣಿಗಳ ಗಂಧಕ ಬಹಳ ಇಳಿಯಿತು ನಿಜ. ಆದರೂ ಮಣ್ಣು ಹಳೆಯದನ್ನು ಬೇಗ ಮರೆಯುವುದಿಲ್ಲ.

ಜೈಂತಿಯಾದಲ್ಲಿ ಸುಣ್ಣದ ಕಲ್ಲಿಗೆ ಬರವಿಲ್ಲ, ಬೆಟ್ಟಗಳೇ ಸುಣ್ಣದ ಕಲ್ಲಿನವು. ಅದನ್ನು ಅಗೆದು ಸಿಮೆಂಟ್ ಮಾಡುತ್ತಿದ್ದಾರೆ. ಕಬ್ಬಿಣದ ನೀರಿಗೆ ಬರೀ ಕಲ್ಲು ಹಾಕಿದರೂ ಸಾಲದು: ಸ್ವಲ್ಪ ದಿನದಲ್ಲೇ ಕಲ್ಲಿನ ಮೇಲೆ ತುಕ್ಕಿನ ಪದರ ಕಟ್ಟಿ, ಒಳಗಿನ ಸುಣ್ಣ ನೀರಿಗೆ ತಾಗದೆ ಹೋಗುತ್ತದೆ. ಯಾರಾದರೂ ಹೋಗಿ ಕಲ್ಲು ಮಗುಚುತ್ತಿರಬೇಕು, ಬದಲಿಸುತ್ತಿರಬೇಕು. ಗಣಿ ನಿಂತ ಮೇಲೂ ಬಿಟ್ಟ ಗುಂಡಿಗಳು ಹತ್ತಾರು ವರ್ಷ ಆಮ್ಲ ಸುರಿಸುತ್ತವೆ. ಅಗೆದವನು ಸತ್ತು, ಮಾರಿದವನು ಸತ್ತು, ಅವರ ಮಕ್ಕಳು ಶಿಲ್ಲಾಂಗಿನಲ್ಲೋ ಇನ್ನೆಲ್ಲೋ ಬೇರೆ ಉದ್ಯೋಗ ಹಿಡಿದಿದ್ದರೂ ಕಬ್ಬಿಣ ತಿನ್ನುವ ಆ ಬ್ಯಾಕ್ಟೀರಿಯಾ ತನ್ನ ಕೆಲಸ ಮಾಡುತ್ತಿರುತ್ತದೆ. ಮಾಡುವವನಿಲ್ಲದೆ ಹಿಂಸೆ ಮುಂದುವರಿಯುವುದನ್ನು ನಮ್ಮ ಯಾವ ಆಚಾರ್ಯರೂ ನೋಡಿರಲಿಕ್ಕಿಲ್ಲ.

ಇದನ್ನೂ ಭಾವನವರ ಮುಂದಿಟ್ಟೆ. “ಆ ಕಲ್ಲು ಮಗುಚುವ ಆಳಿಗೆ ಸಂಬಳ ಯಾರು ಕೊಡಬೇಕು, ಹೇಳಿ ಭಾವ.” ಅವರು ಬಹಳ ಹೊತ್ತು ಸುಮ್ಮನಿದ್ದು, ಹುಂಚದ ಮಠಕ್ಕೆ ಹೋದಾಗ ಸ್ವಾಮೀಜಿಯವರ ಹತ್ತಿರ ಕೇಳುವ ಎಂದರು. ಕೇಳಲಿ. ನನ್ನ ಮಟ್ಟಿಗೆ ಪಾಲುಗಳು ಸ್ಪಷ್ಟವಾಗಿವೆ: ಮೊದಲು ಕಲ್ಲಿದ್ದಲು ಮಾರಿ ಲಾಭ ಎಣಿಸಿದವರು, ಆಮೇಲೆ ಅದರಿಂದ ಸಿಮೆಂಟೋ ಇಟ್ಟಿಗೆಯೋ ಸುಟ್ಟವರು, ಅವರ ಹಿಂದೆಯೇ ಗುಂಡಿ ತೋಡುವಾಗ ಕಣ್ಣು ಮುಚ್ಚಿಕೊಂಡ ಸರ್ಕಾರ. ತೆವಳಿದ ಕೂಲಿಯನ್ನು ನಾನು ಈ ಪಟ್ಟಿಯಲ್ಲಿ ಸೇರಿಸುವುದಿಲ್ಲ, ಶಾಸ್ತ್ರ ಸೇರಿಸಿದರೂ ಸರಿಯೇ. ನನ್ನ ಮಗಳು ಗುವಾಹಟಿಯಲ್ಲಿ ಬಾಡಿಗೆಗಿದ್ದ ಐದು ಮಹಡಿಯ ಕಟ್ಟಡದ ಸಿಮೆಂಟು ಎಲ್ಲಿಂದ ಬಂದದ್ದು ಎಂದು ಅವಳಿಗೆ ಫೋನಿನಲ್ಲಿ ಕೇಳಿದ್ದೇನೆ. “ಓನರ್ ಹತ್ತಿರ ಕೇಳಿ ಹೇಳುತ್ತೇನಮ್ಮ” ಎಂದಿದ್ದಾಳೆ.